ಕೊಪಣನಾಡಿನ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನ ಸ್ಥಾನ

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸಿರುವುದು ಪಂಡಿತರಿಗೆಲ್ಲ ವಿದಿತವಾದ ಸಂಗತಿ. ಆ ಕೊಪಣವೇ ಇಂದಿನ ಕೊಪ್ಪಳ. ಅದೇ ನಾಡಿನ ಹಳ್ಳಿಗಳಲ್ಲಿ ರಾಮಾಯಣ ಮಹಾಭಾರತಗಳ ಕಥೆಯನ್ನು ಕನ್ನಡದಲ್ಲಿ ಇರುಳೆಲ್ಲ ಹಾಡಿ ಆಡಿಸಿ ಉಳಿಸಿಕೊಂಡು ಬಂದ ಒಂದು ಸಮುದಾಯದವರ ಮನೆಮಾತು ಮಾತ್ರ ಕನ್ನಡವಲ್ಲ, ಮರಾಠಿಯ ಒಂದು ಪ್ರಭೇದ, ಎಂಬುದನ್ನು ಗಮನಿಸಿದವರು ವಿರಳ. ಇವರೇ ತೊಗಲುಗೊಂಬೆಯಾಟದವರು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಕಟಬುಗಳು ಎಂದು ಪ್ರಾಂತಭೇದದಿಂದ ಇವರಿಗೆ ಹೆಸರುಗಳುಂಟು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿ ಬುಡಕಟ್ಟುಗಳ ಗ್ರಂಥವೂ ಇವರನ್ನು ಮರಾಠಿ ಮಾತಿನವರೆಂದು ಗುರುತಿಸಿ, ಬಳ್ಳಾರಿ ಸೀಮೆಯಲ್ಲಿ ಮೀನು ಹಿಡಿಯುವುದು ಇವರ ಕಸುಬೆಂದು ತಿಳಿಸುತ್ತದೆ.

ಈ ಹೆಸರೇ ವಿಚಾರಾರ್ಹವಾದುದು. ಆಟದ ಕಥಾನಾಯಕ ರಾಮ. ಕೆಲವು ರಾತ್ರಿ ಭೀಮ, ಕೆಲವು ರಾತ್ರಿ ಅರ್ಜುನ. ಆದರೆ ಆಡಿಸುವ ಕುಲಕ್ಕೆ ಹೆಸರು ಬಂದುದು ಅವರಾರಿಂದಲೂ ಅಲ್ಲ. ಕುರೂಪಿಯೂ ಗಿಡ್ಡನೂ ಬಾಯಿಬಡುಕನೂ ಆದ ಕಿಳ್ಳೇಕ್ಯಾತನೆಂಬ ಹಾಸ್ಯದ ಗೊಂಬೆಯಿಂದ! ಗಣಪತಿ ಸರಸ್ವತಿಯರ ಸ್ತುತಿಯಾದ ಕೂಡಲೇ ಪರದೆಯ ಮೇಲೆ ಕುಣಿಯುತ್ತ ಬರುವವನು ಅವನೇ. ಅವನ ಹೆಂಡತಿ ಬಂಗಾರಕ್ಕನೂ ಬರುವಳು. ದಂಪತಿಗಳ ಜಗಳ, ಬೈಗಳು, ಸಭ್ಯರು ಕಿವಿ ಮುಚ್ಚಿಕೊಳ್ಳಬೇಕಾದ ಮಾತುಗಳು, ಇವೆಲ್ಲ ನಡೆದ ಮೇಲಷ್ಟೇ ಕಥೆಗೆ ಪ್ರವೇಶ. ಯುದ್ಧದ ನಡುವೆಯೂ ಶೋಕದ ನಡುವೆಯೂ ಅವನು ನುಗ್ಗಿ ಬರಬಹುದು. ಊರಗೌಡನನ್ನೂ ಶಾನುಭೋಗನನ್ನೂ ಗೇಲಿ ಮಾಡಬಹುದು. ಇಂತಹ ಸ್ವಾತಂತ್ರ್ಯವು ಪರದೆಯ ಮೇಲಿನ ದೇವತೆಗಳಿಗೂ ಇಲ್ಲ.

ಗೊಂಬೆಗಳ ರಚನೆಯನ್ನು ನೋಡಿದರೆ ಇದರ ಮರ್ಮ ಕೊಂಚ ತಿಳಿಯುತ್ತದೆ. ಆಡು ಮೊದಲಾದ ಪ್ರಾಣಿಗಳ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ರೂಪವನ್ನು ಕೊರೆದು, ಒಡವೆ ವಸ್ತ್ರಗಳ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಹೊಡೆದು, ಕೆಂಪು ಹಸಿರು ಕಪ್ಪು ಬಣ್ಣಗಳನ್ನು ತುಂಬುವರು. ಬಿಳಿಯ ಪರದೆಯ ಹಿಂದೆ ಎಣ್ಣೆದೀಪವಿಟ್ಟು ಗೊಂಬೆಯನ್ನು ಒತ್ತಿ ಹಿಡಿದಾಗ ಕಾಣುವುದು ಬರಿಯ ನೆರಳಲ್ಲ, ಬಣ್ಣದ ಬೆಳಕು. ಜರ್ಮನಿಯ ಲೋಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಕಾಗದದ ಆಕೃತಿಗಳಿಂದ ಚಲಿಸುವ ಚಿತ್ರವನ್ನು ನಿರ್ಮಿಸಿದಾಗ ಆಕೆಯ ಪಾತ್ರಗಳೆಲ್ಲ ಕಪ್ಪು ನೆರಳುಗಳೇ ಆಗಿದ್ದುವು. ನಮ್ಮ ಗೊಂಬೆಗಳ ಗಾತ್ರವಾದರೋ ಪಾತ್ರದ ಅಂತಸ್ತನ್ನು ಅನುಸರಿಸುವುದು: ದೇವತೆಗಳೂ ಅರಸರೂ ದೊಡ್ಡವರು, ಸೇವಕರು ಚಿಕ್ಕವರು. ಹಲವು ವ್ಯಕ್ತಿಗಳನ್ನು ಒಂದೇ ತೊಗಲಿನಲ್ಲಿ ಬಿಡಿಸಿದ ದರ್ಬಾರಿನಂತಹ ಗೊಂಬೆಗಳು ಅಲುಗಾಡುವುದೇ ಇಲ್ಲ. ಹಾಸ್ಯದ ಗೊಂಬೆಗಳಿಗೆ ಗಾತ್ರವಿಲ್ಲ, ಚಲನೆಯುಂಟು. ಗಾಂಭೀರ್ಯವು ನಿಶ್ಚಲವಾಗಿ ನಿಂತಿರುವಾಗ ಕಣ್ಣು ಕುಣಿಯುವವನ ಕಡೆಗೇ ಹರಿಯುವುದು ಸಹಜವಷ್ಟೆ.

ಇದು ನಮ್ಮ ನಾಡಿನ ವಿಚಿತ್ರವೊಂದೇ ಅಲ್ಲ. ತುರ್ಕಿಯಲ್ಲಿ ರಂಜಾನ್ ತಿಂಗಳ ಇರುಳುಗಳಲ್ಲಿ ಆಡುತ್ತಿದ್ದ ನೆರಳಾಟಕ್ಕೆ ಕರಗೋಜ್ ಎಂಬ ಒರಟು ಹಾಸ್ಯಗಾರನ ಹೆಸರೇ ನಿಂತಿದೆ. ಜಾವಾದ್ವೀಪದ ಗೊಂಬೆಯಾಟದ ಸೆಮಾರ್ ಪಾಂಡವರ ಆಳು. ಆದರೂ ಜನ ಅವನನ್ನು ದೇವಾಂಶನೆಂದು ಗೌರವಿಸುವರು. ಸಂಸ್ಕೃತನಾಟಕದ ವಿದೂಷಕನಿಂದ ಕಿಳ್ಳೇಕ್ಯಾತನು ಇಳಿದು ಬಂದನೆಂದು ಹೇಳುವುದು ಸುಲಭ, ಆದರೆ ಸಮಂಜಸವಲ್ಲ. ವಿದೂಷಕನು ರಾಜನ ಗೆಳೆಯ, ಹೊಟ್ಟೆಬಾಕನಾದ ಬ್ರಾಹ್ಮಣ, ಕಥೆಯೊಳಗಿನವನು. ಕಿಳ್ಳೇಕ್ಯಾತನು ಕಥೆಯ ಹೊರಗಿನವನು, ನೋಡುವವರ ಪಕ್ಷದವನು.

ಆಟವು ಕೇವಲ ವಿನೋದಕ್ಕಾಗಿ ನಡೆಯುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು. ಮಳೆ ತಪ್ಪಿದಾಗ, ದನಕರುಗಳಿಗೆ ರೋಗ ತಗುಲಿದಾಗ ಊರವರು ಗೊಂಬೆಯಾಟವನ್ನು ಹರಕೆಯಾಗಿ ಆಡಿಸುತ್ತಿದ್ದರು. ಅಂತಹ ಪವಿತ್ರ ಸಂದರ್ಭದಲ್ಲಿ ಅಶ್ಲೀಲದ ಮಾತೇಕೆ ಎಂದು ಶಿಷ್ಟರು ಕೇಳಬಹುದು. ಮಳೆಗೂ ಬಿತ್ತನೆಗೂ ಸಂತಾನಕ್ಕೂ ಜನಪದದ ಮನಸ್ಸು ಕಲ್ಪಿಸುವ ಸಂಬಂಧವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಬಂಗಾರಕ್ಕನ ಬೈಗಳು ಆ ಹರಕೆಗೆ ಅಂಟಿದ ಕೊಳೆಯಲ್ಲ. ಹರಕೆಯ ಅಂಗವೇ ಎನ್ನಬೇಕು. ಕುಷ್ಟಗಿ ಯಲಬುರ್ಗಾಗಳ ಎರೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಗಂಗಾವತಿಯ ಕಡೆಗಾದರೋ 1953ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆ ಹರಿದು ಬತ್ತದ ಗದ್ದೆಗಳಾದುವು. ಕಾಲುವೆಯ ನೀರಿಗೆ ಹರಕೆ ಬೇಡ. ಅಧಿಕಾರಿಗೆ ಅರ್ಜಿ ಸಾಕು. ಆಟದ ಒಂದು ಮುಖ್ಯ ಕಾರಣವು ಅಲ್ಲಿ ಸಡಿಲವಾದುದಕ್ಕೆ ಇದನ್ನು ಗಣಿಸದೆ ವಿಧಿಯಿಲ್ಲ.

ಆದರೆ ಅದೇ ಗಂಗಾವತಿಯ ಸೀಮೆಯಲ್ಲಿ ಆನೆಗೊಂದಿಯೂ ಅಂಜನಾದ್ರಿಯೂ ಪಂಪಾಸರೋವರವೂ ಇವೆ. ಜನರ ನಂಬಿಕೆಯಲ್ಲಿ ಅದು ಕಿಷ್ಕಿಂಧೆ. ವಾಲಿಸುಗ್ರೀವರ ಕಾಳಗವನ್ನು ಪರದೆಯ ಮೇಲೆ ನೋಡುವ ಆ ಭಾಗದ ರೈತನಿಗೆ ಅದು ದೂರದೇಶದ ಪುರಾಣವಲ್ಲ, ತನ್ನ ಊರ ಗುಡ್ಡದ ವೃತ್ತಾಂತ. ಕಿಳ್ಳೇಕ್ಯಾತನು ವಾನರರ ನಡುವೆ ಸಲುಗೆಯಿಂದ ಓಡಾಡುವುದಕ್ಕೆ ಇದೂ ಒಂದು ಹೇತುವಾಗಿರಬಹುದು.

ಇತ್ತೀಚಿನ ಕಾಲದಲ್ಲಿ ಈ ಕಲೆಗೆ ಸಂದ ಮನ್ನಣೆ ಅಲ್ಪವಲ್ಲ. ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಗೊಂಬೆಗಳ ಸಂಗ್ರಹ ಬೆಳೆಯಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯಸಂಗ್ರಾಮದ ಕಥೆಯನ್ನು ಗೊಂಬೆಗಳಿಂದ ಆಡಿಸಿದರು. ಅವರು 2023ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಲಭಿಸಿತು. ಆದರೆ ಇರುಳೆಲ್ಲ ನಡೆಯುತ್ತಿದ್ದ ಆಟವನ್ನು ಸಭಾಂಗಣದಲ್ಲಿ ಒಂದು ಗಂಟೆಗೆ ಇಳಿಸುವಾಗ ರಾಮಕಥೆಯನ್ನು ಕತ್ತರಿಸಲು ಯಾರೂ ಒಪ್ಪರು. ಕತ್ತರಿಗೆ ಮೊದಲು ಸಿಕ್ಕುವವನು ಕಿಳ್ಳೇಕ್ಯಾತನೇ. ಅವನ ಮಾತು ಓಲೆಯಲ್ಲಿಲ್ಲ, ಆಡಿಸುವವನ ನಾಲಗೆಯಲ್ಲಿದೆ; ಊರಿಂದೂರಿಗೆ ಬದಲಾಗುತ್ತದೆ. ಗೊಂಬೆಗಳ ತೊಗಲನ್ನು ಹುಳುವಿನಿಂದ ರಕ್ಷಿಸಲು ಮಾಡುವಷ್ಟು ಪ್ರಯತ್ನವನ್ನು ಆ ಮಾತುಗಳನ್ನು ಬರೆದಿಡಲು, ನಾಚಿಕೆಯಿಂದ ತಿದ್ದದೆ ಬರೆದಿಡಲು, ಜಾನಪದ ಸಂಗ್ರಾಹಕರು ಮಾಡಬೇಕಾಗಿದೆ.