ಕಣಕಾಲಿನ ನಂಜು: ಚಿಕಿತ್ಸೆ ನಡೆದುಬಂದ ದಾರಿ

ಈಚೆಗೆ ಒಂದು ಸಮ್ಮೇಳನದಲ್ಲಿ ಯುವ ಶಸ್ತ್ರವೈದ್ಯರೊಬ್ಬರು, ಮುರಿದು ನಂಜಾದ ಕಣಕಾಲಿಗೆ ರಿಂಗು ಹಾಕುವ ಕಾಲ ಮುಗಿಯಿತು, ಇನ್ನು ಸಿಮೆಂಟು, ರಾಡು, ಒಳ್ಳೆಯ ಆ್ಯಂಟಿಬಯಾಟಿಕ್ ಇದ್ದರೆ ಸಾಕು ಎಂದರು. ಬಹಳ ಜನ ತಲೆಯಾಡಿಸಿದರು. ಬೆಂಗಳೂರಿನ ತುಮಕೂರು ರಸ್ತೆ, ಹೊಸೂರು ರಸ್ತೆ, ವೈಟ್‌ಫೀಲ್ಡ್ ಕಡೆಯಿಂದ ಬರುವ ಮುರಿದ ಕಾಲುಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಈ ಚಿಕಿತ್ಸೆಯ ಚರಿತ್ರೆಯನ್ನು ಉಪಕರಣಗಳ ಚರಿತ್ರೆಯೆಂದು ಓದುವವರು, ಸತ್ತದ್ದನ್ನು ತೆಗೆದು ಬದುಕಿದ್ದನ್ನು ಕಾಪಾಡಲು ನಾವು ಎಷ್ಟು ತಡವಾಗಿ ಕಲಿತೆವು ಎಂಬುದನ್ನು ಮರೆಯುತ್ತಾರೆ.

ಮೊಣಕಾಲಿನಿಂದ ಕೆಳಕ್ಕೆ ಒಮ್ಮೆ ಬೆರಳಾಡಿಸಿ ನೋಡಿ. ಮುಂಭಾಗದಲ್ಲಿ ಚರ್ಮದಡಿಯಲ್ಲೇ ಮೂಳೆ ಸಿಗುತ್ತದೆ, ನಡುವೆ ಮಾಂಸವಿಲ್ಲ. ಟಿಬಿಯಾ ಎಂಬ ಈ ಮೂಳೆ ಮುರಿದರೆ ಚೂಪು ತುದಿ ಚರ್ಮ ಹರಿದು ಹೊರಬರುತ್ತದೆ. ರಸ್ತೆಯ ಮಣ್ಣು, ಗ್ರೀಸು, ಚರಂಡಿ ನೀರು ಒಳಸೇರುತ್ತವೆ. ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತದ ಹರಿವೂ ಕಡಿಮೆ. ರಕ್ತ ತಪ್ಪಿದ ಮೂಳೆ ಸಾಯುತ್ತದೆ. ಸತ್ತ ಮೂಳೆಗೆ ಔಷಧ ತಲುಪದು, ನಂಜು ಅಲ್ಲೇ ಮನೆಮಾಡುತ್ತದೆ. ಅದನ್ನು ಕತ್ತರಿಸಿ ತೆಗೆದರೆ ನಾಲ್ಕೋ ಆರೋ ಸೆಂಟಿಮೀಟರ್ ಮೂಳೆಯೇ ಇಲ್ಲದ ಜಾಗ ಉಳಿಯುತ್ತದೆ. ಅದನ್ನು ತುಂಬುವುದು ಹೇಗೆ ಎಂಬುದೇ ನಮ್ಮ ಕ್ಷೇತ್ರದ ಪ್ರಶ್ನೆ.

ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಇದಕ್ಕಿದ್ದ ಉತ್ತರ ಹೆಚ್ಚಾಗಿ ಒಂದೇ: ಕಾಲು ತೆಗೆಯುವುದು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ಉಳಿಸಿದ್ದು, ಗಾಡಿಚಕ್ರ ಹರಿದ ಹನ್ನೊಂದರ ಹುಡುಗನ ಕಣಕಾಲನ್ನೇ. 1905ರಲ್ಲಿ ಶಸ್ತ್ರವೈದ್ಯ ಹಂಟಿಂಗ್ಟನ್ ಪಕ್ಕದ ಫಿಬುಲಾ ಮೂಳೆಯನ್ನು ಟಿಬಿಯಾದ ಖಾಲಿ ಜಾಗಕ್ಕೆ ಸರಿಸಿ ತೋರಿಸಿದರು. ಸ್ಪೇನಿನ ಅಂತರ್ಯುದ್ಧದಲ್ಲಿ ಶಸ್ತ್ರವೈದ್ಯ ಟ್ರುಯೆಟಾ, ಗಾಯವನ್ನು ಚೆನ್ನಾಗಿ ಶುಚಿ ಮಾಡಿದರೆ ಪ್ಲಾಸ್ಟರಿನೊಳಗೂ ಅದು ಮಾಯುತ್ತದೆಂದು ಕಲಿಸಿದರು. ಆಮೇಲೆ ಪೆನಿಸಿಲಿನ್ ಬಂತು. ಔಷಧವೇ ಎಲ್ಲ ಎಂಬ ಭ್ರಮೆಯೂ ಅದರ ಬೆನ್ನಿಗೇ ಬಂತು. 1976ರಲ್ಲಿ ಗಸ್ಟಿಲೋ ಮತ್ತು ಆ್ಯಂಡರ್ಸನ್ 1,025 ತೆರೆದ ಮುರಿತಗಳನ್ನು ಅಭ್ಯಾಸ ಮಾಡಿ ಕೊಟ್ಟ ವರ್ಗೀಕರಣವನ್ನು ಇಂದಿಗೂ ಪ್ರತಿ ಕೇಸ್‌ಶೀಟಿನಲ್ಲಿ ಬರೆಯುತ್ತೇವೆ.

ನನ್ನ ತಲೆಮಾರನ್ನು ರೂಪಿಸಿದವರು ಸೈಬೀರಿಯಾದ ಕುರ್ಗಾನಿನ ಗವ್ರಿಲ್ ಇಲಿಜರೋವ್. 1950ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಚೌಕಟ್ಟು ನೋಡಲು ಸರಳ: ಕಾಲಿನ ಸುತ್ತ ಉಕ್ಕಿನ ಬಳೆಗಳು (ನಾವು ರಿಂಗು ಎನ್ನುವುದು ಇವನ್ನೇ), ಮೂಳೆಯ ಮೂಲಕ ಹಾಯ್ದ ಬಿಗಿ ತಂತಿಗಳು, ಬಳೆಗಳನ್ನು ಜೋಡಿಸುವ, ತಿರುಪು ಕೊರೆದ ಸರಳುಗಳು. ಒಲಿಂಪಿಕ್ ಚಿನ್ನ ಗೆದ್ದಿದ್ದ ಎತ್ತರ ಜಿಗಿತಗಾರ ವ್ಯಾಲೆರಿ ಬ್ರುಮೆಲ್ 1965ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡು, ಹಲವಾರು ಶಸ್ತ್ರಚಿಕಿತ್ಸೆ ಸೋತ ಮೇಲೆ, 1968ರಲ್ಲಿ ಅವರ ಬಳಿ ಹೋದರು. 1980ರಲ್ಲಿ ಇಟಲಿಯ ಸಾಹಸಯಾತ್ರಿ ಕಾರ್ಲೋ ಮೌರಿ ಕುರ್ಗಾನಿಗೆ ಹೋಗಿ ಗುಣವಾಗಿ ಬಂದ ಮೇಲೆ ಪಶ್ಚಿಮ ಯೂರೋಪು ಕಣ್ಣುತೆರೆಯಿತು. ನಮ್ಮ ಕೈಗೆ ಈ ವಿದ್ಯೆ ಸರಿಯಾಗಿ ಕುದುರಿದ್ದು 1990ರ ದಶಕದಲ್ಲಿ.

ಕ್ರಮ ಹೀಗೆ: ಸತ್ತ ಮೂಳೆಯನ್ನು ಪೂರ್ತಿ ತೆಗೆದು, ಆರೋಗ್ಯವಾಗಿರುವ ಭಾಗವನ್ನು ಬೇರೊಂದು ಕಡೆ ನಾಜೂಕಾಗಿ ಕತ್ತರಿಸುತ್ತೇವೆ. ಏಳರಿಂದ ಹತ್ತು ದಿನ ಕಾದು, ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ, ನಾಲ್ಕು ಕಂತಿನಲ್ಲಿ, ಖಾಲಿ ಜಾಗದ ಕಡೆಗೆ ಸರಿಸುತ್ತೇವೆ. ಅದರ ಹಿಂದೆ ಹೊಸ ಮೂಳೆ ತಾನಾಗಿ ಹುಟ್ಟುತ್ತದೆ. ರೋಗಿ ಅಷ್ಟು ದಿನವೂ ಕಾಲೂರಿ ನಡೆಯಬಹುದು.

ಪೀಣ್ಯದಲ್ಲಿ ಲೇತ್ ನಡೆಸುವ ಒಬ್ಬರಿಗೆ, ಮೂಳೆಯ ತುಂಡನ್ನು ಸರಿಸಲು ರಿಂಗಿನ ಸರಳಿನ ನಟ್ಟು ತಿರುಗಿಸುವುದನ್ನು ಕಲಿಸಲು ನಾನು ಕೂತೆ. ಅವರು ಹತ್ತರ ಸ್ಪ್ಯಾನರನ್ನು ನನ್ನ ಕೈಯಿಂದ ತೆಗೆದುಕೊಂಡು, "ಆರರ ಬೋಲ್ಟು, ಒಂದರ ಪಿಚ್ಚು ಅಲ್ವಾ ಸಾರ್? ಒಂದು ಸುತ್ತಿಗೆ ಒಂದು ಮಿಲ್ಲಿ. ಕಾಲು ಸುತ್ತು ಅಂದ್ರೆ ನಟ್ಟಿನ ಒಂದೂವರೆ ಮುಖ" ಎಂದರು. ಹೆಂಡತಿಯ ಉಗುರುಬಣ್ಣದಿಂದ ನಟ್ಟಿನ ಮೇಲೆ ಚುಕ್ಕೆಯಿಟ್ಟು, ಹಗಲಿನಲ್ಲಿ ನಾಲ್ಕು ಸಲ ತಪ್ಪದೆ ತಿರುಗಿಸಿದರು. ಆರು ಸೆಂಟಿಮೀಟರು ಸರಿಯಲು ಅರವತ್ತು ದಿನ ಹಿಡಿಯಿತು. ಹೊಸ ಮೂಳೆ ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು. ರಿಂಗು ಬಿಚ್ಚುವಾಗ ಒಂಬತ್ತು ತಿಂಗಳು ದಾಟಿತ್ತು. ಎಕ್ಸ್‌ರೇಯಲ್ಲಿ ಮೋಡದ ಎಳೆಯಂತೆ ಕಾಣಿಸಿಕೊಂಡ ಹೊಸ ಮೂಳೆ ತಿಂಗಳಿಂದ ತಿಂಗಳಿಗೆ ಬಿಳುಪೇರಿದ್ದನ್ನು ಅವರು ನನಗಿಂತ ಚೆನ್ನಾಗಿ ಗುರುತಿಸುತ್ತಿದ್ದರು.

ಫ್ರಾನ್ಸಿನ ಅಲೈನ್ ಮಸ್ಕೆಲೆ 1980ರ ದಶಕದಲ್ಲಿ ಆರಂಭಿಸಿದ ವಿಧಾನ ಬೇರೆ. ಖಾಲಿ ಜಾಗದಲ್ಲಿ ಮೂಳೆ ಸಿಮೆಂಟಿನ ಮುದ್ದೆ ಇಟ್ಟು ಆರರಿಂದ ಎಂಟು ವಾರ ಕಾದರೆ ಅದರ ಸುತ್ತ ರಕ್ತನಾಳಗಳಿರುವ ಪೊರೆ ಬೆಳೆಯುತ್ತದೆ. ಆಮೇಲೆ ಸಿಮೆಂಟು ತೆಗೆದು, ಆ ಪೊರೆಯ ಚೀಲದೊಳಗೆ ಸೊಂಟದ ಮೂಳೆಯ ಚೂರುಗಳನ್ನು ತುಂಬಬೇಕು. ಒಳ್ಳೆಯ ವಿಧಾನ, ನಾನೂ ಬಳಸುತ್ತೇನೆ. ತಿಂಗಳುಗಟ್ಟಲೆ ರಿಂಗು ಹೊರಲಾಗದವರಿಗೆ ಇದು ವರವೇ. ಆದರೆ ಒಳಗೆ ನಂಜು ಉಳಿದಿದ್ದರೆ ತುಂಬಿದ ಮೂಳೆಯಷ್ಟೂ ಕೈಬಿಟ್ಟುಹೋಗುತ್ತದೆ, ಸೊಂಟದಲ್ಲಿ ಎರಡನೇ ಸಲಕ್ಕೆ ಸಾಕಷ್ಟು ಸಿಗುವುದಿಲ್ಲ. ಔಷಧದ ವಿಷಯದಲ್ಲೂ ಹಾಗೆಯೇ. ಮೂಳೆ ಮತ್ತು ಕೀಲುಗಳ ಸೋಂಕಿಗೆ ಮೊದಲ ಆರು ವಾರ ನರದ ಮೂಲಕ ಕೊಡುವ ಆ್ಯಂಟಿಬಯಾಟಿಕ್ಕಿಗಿಂತ ಬಾಯಿಯಿಂದ ಕೊಡುವುದು ಕಡಿಮೆಯೇನಲ್ಲ ಎಂದು 1,054 ರೋಗಿಗಳ ಬ್ರಿಟಿಷ್ ಅಧ್ಯಯನ 2019ರಲ್ಲಿ ತೋರಿಸಿತು. ಮನೆಗೆ ಹೋಗಿ ಮಾತ್ರೆ ನುಂಗಬಹುದು ಎಂಬುದು ಬಡವರಿಗೆ ದೊಡ್ಡ ಉಪಕಾರ. ಆದರೆ ಯಾವ ಮಾತ್ರೆಯೂ ಸತ್ತ ಮೂಳೆಯನ್ನು ಎಬ್ಬಿಸುವುದಿಲ್ಲ.

ಸಮ್ಮೇಳನಗಳಲ್ಲಿ ಕಡಿಮೆ ಮಾತಾಗುವುದು ಚರ್ಮದ ಬಗ್ಗೆ. ಸ್ಲೊವೇನಿಯಾದ ಮಾರ್ಕೊ ಗೊಡಿನಾ 532 ರೋಗಿಗಳ ಅನುಭವವನ್ನು ಒಟ್ಟುಮಾಡಿದ ವರದಿ 1986ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಮಾಂಸ-ಚರ್ಮದ ಹೊದಿಕೆ ಕೊಟ್ಟವರಲ್ಲಿ ಸೋಂಕು ಶೇ. 1.5, ತಡವಾಗಿ, ಮೂರು ತಿಂಗಳೊಳಗೆ ಕೊಟ್ಟವರಲ್ಲಿ ಶೇ. 17.5. ನೆರೆಯ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಎಸ್. ರಾಜಶೇಖರನ್ ಮತ್ತು ಸಂಗಡಿಗರು ಚರ್ಮ, ಮೂಳೆ, ಮಾಂಸಗಳಿಗೆ ಬೇರೆ ಬೇರೆ ಅಂಕ ಕೊಟ್ಟು ಕಾಲು ಉಳಿಸಬಹುದೇ ಎಂದು ತೂಗುವ ಪದ್ಧತಿ ಕಟ್ಟಿದರು. ಮೂಳೆಯ ಡಾಕ್ಟರೂ ಪ್ಲಾಸ್ಟಿಕ್ ಸರ್ಜನರೂ ಮೊದಲ ದಿನವೇ ಒಂದೇ ಟೇಬಲ್ಲಿನ ಬಳಿ ನಿಲ್ಲಬೇಕೆಂಬುದು ಅದರ ಪಾಠ. ನಮ್ಮ ಹೊರವಲಯದಲ್ಲಿ ಅದು ಇನ್ನೂ ಅಪರೂಪ. ಮೂಳೆ ಗಾಯಗಳಿಗೇ ಮೀಸಲಾದ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆ ಇರುವುದು ಜಯನಗರದ ಕಡೆ. ಪೀಣ್ಯದಿಂದಲೂ ವೈಟ್‌ಫೀಲ್ಡಿನಿಂದಲೂ ಊರು ಹಾಯ್ದು ಬರಬೇಕು. ದಾರಿಯ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿ, ಪ್ಲೇಟು ಕೂರಿಸಿ, ಮೂರು ವಾರದ ಮೇಲೆ "ಕೀವು ಸೋರುತ್ತಿದೆ" ಎಂದು ನಮ್ಮಲ್ಲಿಗೆ ಬರುವವರೇ ಹೆಚ್ಚು.

ಇನ್ನು ಹಣದ ಮಾತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಅಪಘಾತದಲ್ಲಿ ಸಾಯುವ ಮುನ್ನ ಅಂಗದಾನಕ್ಕೆ ಕೇಳಿಕೊಂಡ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು: ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಕೇಂದ್ರ ಯೋಜನೆ 7 ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ಎರಡೂ ಪ್ರಾಣ ಉಳಿಸುತ್ತವೆ, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಕಣಕಾಲಿನ ನಂಜಿಗೆ ಬೇಕಾದದ್ದು ಒಂದು ವರ್ಷ. ಆ ಲೇತ್ ಕೆಲಸಗಾರರು ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಬಿದ್ದವರು. ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಕಾಯ್ದೆಯ 2010ರ ತಿದ್ದುಪಡಿಯಿಂದ ಅದೂ ಕೆಲಸದ ಗಾಯವೇ ಆದ್ದರಿಂದ ಇಎಸ್‌ಐ ಸಂಬಳದ ಶೇ. 90ರಷ್ಟನ್ನು ಕೊಟ್ಟಿತು. ಅವರು ರಿಂಗು ಹೊತ್ತು ಮುಗಿಸಿದ್ದು ಆ ದುಡ್ಡಿನ ಬಲದಿಂದ. ಅದೇ ವಾರ್ಡಿನಲ್ಲಿದ್ದ, ಊಟ ತಲುಪಿಸುವ ಹುಡುಗನಿಗೆ ಇಎಸ್‌ಐ ಇರಲಿಲ್ಲ. ಹೊಸ ಮೂಳೆ ಕಾಣತೊಡಗಿದ್ದ ಐದನೇ ತಿಂಗಳಲ್ಲಿ ಅವನು ಬಂದು, ಬಾಡಿಗೆ ಕಟ್ಟಲಾಗುತ್ತಿಲ್ಲ, ಕಾಲು ತೆಗೆದುಬಿಡಿ ಸಾರ್ ಎಂದ.

ಅವನ ಚಿಕಿತ್ಸೆಯಲ್ಲಿ ವೈದ್ಯಶಾಸ್ತ್ರದ ಸೋಲೇನೂ ಇರಲಿಲ್ಲ. ರಿಂಗೋ ಸಿಮೆಂಟೋ ಎಂಬ ವಾದ ನಾವು ವೈದ್ಯರು ನಮ್ಮೊಳಗೆ ಬಗೆಹರಿಸಿಕೊಳ್ಳುವಂಥದ್ದು. ಸರ್ಕಾರವನ್ನೂ, ಈ ಹುಡುಗರಿಂದ ಕೆಲಸ ಪಡೆಯುವ ಕಂಪನಿಗಳನ್ನೂ ಕೇಳಿಕೊಳ್ಳುವುದು ಎರಡೇ: ಹೊರವಲಯದ ಪ್ರತಿ ದಿಕ್ಕಿಗೂ ಮೂಳೆ ಮತ್ತು ಪ್ಲಾಸ್ಟಿಕ್ ಸರ್ಜನರಿಬ್ಬರೂ ಇರುವ ಒಂದು ಸರ್ಕಾರಿ ಕೇಂದ್ರ ಕೊಡಿ, ರಿಂಗು ಕಾಲಿನಲ್ಲಿರುವಷ್ಟು ದಿನ ಆ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳಿ.