ಮನೆ ಅಳೆಯುವ ಕೋಲು ಯಾರದ್ದು?

ಲಿಂಟಲ್ ಮಟ್ಟಕ್ಕೆ ಬಂದು ನಿಂತುಹೋದ ಮನೆಗಳನ್ನು ನೀವೂ ನಿಮ್ಮೂರಲ್ಲಿ ನೋಡಿರುತ್ತೀರಿ. ಪಿಲ್ಲರ್ ಕಂಬಿಗೆ ತುಕ್ಕು ಹಿಡಿದಿದೆ, ಒಳಗೆ ಹುಲ್ಲು ಬೆಳೆದಿದೆ. ಪಕ್ಕದ ಶೀಟಿನ ಶೆಡ್ಡಿನಲ್ಲಿ ಸಂಸಾರ ನಡೆಯುತ್ತಿದೆ. ಒಂದು ಕುಟುಂಬಕ್ಕೆ ಮನೆ ಕೈಗೆಟುಕುತ್ತದೆಯೇ ಎಂದು ಹೇಗೆ ಅಳೆಯುವುದು? ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅಳತೆ ಬದಲಾದಾಗ ಫಲಾನುಭವಿ ಪಟ್ಟಿಯ ಹೆಸರುಗಳೂ ಬದಲಾಗುತ್ತವೆ. ಹಾಗಾಗಿ ಆ ಕಥೆ ನಮಗೆಲ್ಲ ಗೊತ್ತಿರಬೇಕು.

ಸಂಬಳದವರ ಅಳತೆ

1868ರಲ್ಲಿ ಬರ್ಲಿನ್ನಿನ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ ಅಲ್ಲಿನ ಕುಟುಂಬಗಳ ಆದಾಯ ಮತ್ತು ಬಾಡಿಗೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕಂಡದ್ದು ಇಷ್ಟು: ಬಡವರಾದಷ್ಟೂ ಆದಾಯದಲ್ಲಿ ಬಾಡಿಗೆಗೆ ಹೋಗುವ ಪಾಲು ದೊಡ್ಡದು.

ಅಮೆರಿಕದಲ್ಲಿ 'ತಿಂಗಳ ಬಾಡಿಗೆಗೆ ಒಂದು ವಾರದ ಸಂಬಳ' ಎಂಬ ರೂಢಿಮಾತಿತ್ತು. 1969ರಲ್ಲಿ ಅದು ಕಾನೂನಾಯಿತು. ಸರ್ಕಾರಿ ವಸತಿಯ ಬಾಡಿಗೆ ಕುಟುಂಬದ ಆದಾಯದ ಶೇ. 25 ದಾಟಬಾರದು ಎಂದಾಯಿತು. 1981ರಲ್ಲಿ ಈ ಮಿತಿ ಶೇ. 30ಕ್ಕೆ ಏರಿತು. ಇಂದಿಗೂ ಎಲ್ಲೆಡೆ ಕೇಳಿಬರುವ 'ಶೇ. 30' ಬೆಳೆದುಬಂದ ದಾರಿ ಇದು.

1990ರ ಸುಮಾರಿಗೆ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ 52 ದೇಶಗಳಲ್ಲಿ ಒಂದೊಂದು ಮುಖ್ಯ ನಗರವನ್ನು ಅಳೆದವು. ಮನೆಯ ಬೆಲೆ ಕುಟುಂಬದ ಎಷ್ಟು ವರ್ಷದ ಆದಾಯಕ್ಕೆ ಸಮ ಎಂಬುದು ಆಗಿನ ಮುಖ್ಯ ಲೆಕ್ಕಗಳಲ್ಲೊಂದು. ನಮ್ಮಲ್ಲಿ 2008ರಲ್ಲಿ ದೀಪಕ್ ಪಾರೇಖ್ ನೇತೃತ್ವದ ಕಾರ್ಯಪಡೆ ಇದೇ ದಾರಿ ಹಿಡಿಯಿತು. ಬಡವರ ಮನೆಯ ಬೆಲೆ 4 ವರ್ಷದ ಆದಾಯ ಮೀರಬಾರದು, ತಿಂಗಳ ಕಂತು ಅಥವಾ ಬಾಡಿಗೆ ಆದಾಯದ ಶೇ. 30 ಮೀರಬಾರದು ಎಂದಿತು.

ಲೆಕ್ಕ ಎಲ್ಲಿ ತಪ್ಪುತ್ತದೆ?

ತಿಂಗಳಿಗೆ 1 ಲಕ್ಷ ದುಡಿಯುವವರು 30 ಸಾವಿರ ಕೊಟ್ಟರೂ 70 ಸಾವಿರ ಉಳಿಯುತ್ತದೆ. 10 ಸಾವಿರ ದುಡಿಯುವವರು 3 ಸಾವಿರ ಕೊಟ್ಟರೆ ಉಳಿದ 7 ಸಾವಿರದಲ್ಲಿ ರೇಷನ್, ಆಸ್ಪತ್ರೆ, ಮಕ್ಕಳ ಓದು ಎಲ್ಲ ಆಗಬೇಕು. ಶೇಕಡಾ ಒಂದೇ, ಬದುಕು ಒಂದೇ ಅಲ್ಲ.

ಬ್ರಿಟಿಷ್ ವಾಸ್ತುಶಿಲ್ಪಿ ಜಾನ್ ಟರ್ನರ್ 1957ರಲ್ಲಿ ಪೆರು ದೇಶಕ್ಕೆ ಹೋದರು. ಅಲ್ಲಿ ಬಡವರು ಚಾಪೆಯ ಗೋಡೆಯಿಂದ ಶುರುಮಾಡಿ, ಕಾಸು ಸಿಕ್ಕಾಗ ಇಟ್ಟಿಗೆ, ಮತ್ತೆ ಸಿಕ್ಕಾಗ ಛಾವಣಿ, ಹೀಗೆ ವರ್ಷಗಟ್ಟಲೆ ಮನೆ ಕಟ್ಟುವುದನ್ನು ನೋಡಿದರು. 1976ರ ತಮ್ಮ ಪುಸ್ತಕದಲ್ಲಿ ಅವರು ಮೆಕ್ಸಿಕೊದ ಒಂದು ಗಾರೆ ಕೆಲಸದ ಕುಟುಂಬದ ಬಗ್ಗೆ ಬರೆದಿದ್ದಾರೆ. ಗುಡಿಸಲು ಬಿಟ್ಟು ಸರ್ಕಾರ ಕಟ್ಟಿಸಿದ ಒಳ್ಳೆಯ ಮನೆಗೆ ಹೋದ ಆ ಕುಟುಂಬದ ಅರ್ಧಕ್ಕಿಂತ ಹೆಚ್ಚು ಆದಾಯ ಕಂತು, ನೀರು, ಕರೆಂಟಿಗೇ ಹೋಗತೊಡಗಿತು. ಮನೆ ಪಕ್ಕಾ ಆಯಿತು, ಊಟಕ್ಕೆ ತತ್ವಾರವಾಯಿತು.

ನಮ್ಮ ಹಳ್ಳಿಗಳ ಕತೆಯೂ ಹೆಚ್ಚು ಬೇರೆಯಲ್ಲ. ಜಾಗ ಅಪ್ಪನದ್ದು, ದುಡಿಮೆ ಹಂಗಾಮಿನದ್ದು. ದುಡ್ಡು ಬರುವುದು ಸಂಘದ ಸಾಲದಿಂದ, ಅಡವಿಟ್ಟ ಒಡವೆಯಿಂದ. ಇಂಥ ಮನೆಗೆ ಮಾರುಕಟ್ಟೆ ಬೆಲೆಯೂ ಇಲ್ಲ, ತಿಂಗಳ ಕಂತೂ ಇಲ್ಲ. ನಗರದ ಅಳತೆಕೋಲಿಗೆ ಇದು ಸಿಗುವುದೇ ಇಲ್ಲ.

ಹಳ್ಳಿಗೆ ಬೇರೆ ಕೋಲು

ಹಳ್ಳಿಯಲ್ಲಿ ಸರ್ಕಾರ ಅಳೆದದ್ದು ಆದಾಯಕ್ಕಿಂತ ಹೆಚ್ಚಾಗಿ ಗೋಡೆ, ಛಾವಣಿಯನ್ನು. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಕೈಯಿಂದ ಮಾಡಿದ ನಾಡ ಹೆಂಚು 'ಕಚ್ಚಾ', ಯಂತ್ರದಲ್ಲಿ ತಯಾರಾದ ಮಂಗಳೂರು ಹೆಂಚು 'ಪಕ್ಕಾ'. ತಗಡಿನ ಶೀಟೂ 'ಪಕ್ಕಾ'. ಸೋರುವ ನಾಡ ಹೆಂಚು ಇಳಿಸಿ, ಸಾಲ ಮಾಡಿ ಶೀಟು ಹಾಕಿದವರ ಛಾವಣಿ ಆ ಲೆಕ್ಕದಲ್ಲಿ ಪಕ್ಕಾ ಆಯಿತು. ಸಾಲದ ಲೆಕ್ಕ ಯಾರೂ ಬರೆದುಕೊಳ್ಳಲಿಲ್ಲ.

2016ರ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಇದೇ ಗಣತಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಬಯಲು ಪ್ರದೇಶದಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ, ಜೊತೆಗೆ ನರೇಗಾದಡಿ 90 ದಿನದ ಕೂಲಿ ಎಂದು ನಿಗದಿಯಾಯಿತು. ಬೈಕ್, ಫ್ರಿಜ್ ಇದ್ದವರನ್ನೂ, ಮನೆಯಲ್ಲಿ ಯಾರಾದರೂ ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಅವರನ್ನೂ ಪಟ್ಟಿಯಿಂದ ಕೈಬಿಡಲಾಯಿತು. 2024ರಲ್ಲಿ ಬೈಕ್, ಫ್ರಿಜ್ ಷರತ್ತು ಹೋಯಿತು, ಆದಾಯದ ಮಿತಿ 15 ಸಾವಿರಕ್ಕೆ ಏರಿತು. ಹಳೇ ಬೈಕಿನಲ್ಲಿ ಕೂಲಿಗೆ ಹೋಗಿಬರುತ್ತಿದ್ದವರು ಎಂಟು ವರ್ಷ ಆ ಲೆಕ್ಕದಲ್ಲಿ ಬಡವರಾಗಿರಲಿಲ್ಲ. ಮರುದಿನ ಅದೇ ಬೈಕಿನ ಜೊತೆ ಮತ್ತೆ ಬಡವರಾದರು.

ಅಂದರೆ ಅಳತೆಕೋಲು ಕಲ್ಲಿನಲ್ಲಿ ಕೊರೆದದ್ದಲ್ಲ. ಜನ ಕೇಳಿದರೆ ಬದಲಾಗುತ್ತದೆ. ಮನೆ ಕಟ್ಟುತ್ತಿರುವವರು ಒಂದು ನೋಟ್‌ಬುಕ್ ಇಡಿ. ಸಿಮೆಂಟ್, ಕಂಬಿ, ಮರಳು, ಗಾರೆ ಕೂಲಿ, ತಂದ ಸಾಲ, ಕಟ್ಟಿದ ಬಡ್ಡಿ ಎಲ್ಲ ಬರೆದಿಡಿ. ಒಂದು ಮನೆ ಮುಗಿಯಲು ನಿಮ್ಮ ಎಷ್ಟು ದಿನದ ಕೂಲಿ ಬೇಕಾಯಿತು ಎಂದು ಲೆಕ್ಕ ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ವಸತಿ ಪಟ್ಟಿ ಓದುವಾಗ ಆ ನೋಟ್‌ಬುಕ್ ನಿಮ್ಮ ಕೈಯಲ್ಲಿರಲಿ.