ಜ್ವರ ಬಿಟ್ಟ ಮೇಲೆ ಉಳಿದ ನೋವಿನ ಲೆಕ್ಕ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ, ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಹೊತ್ತ ಹಿರಿಯ ಕೆರೆಯ ಮಗ್ಗುಲಿಗಿರುವ ಭರಮಸಾಗರದಂತಹ ಊರುಗಳಲ್ಲಿ, ನಲ್ಲಿಗೆ ನೀರು ಬರುವ ದಿನವನ್ನು ಕಾದಿದ್ದು ಡ್ರಮ್ಮು, ಹಂಡೆ, ಸಿಮೆಂಟಿನ ತೊಟ್ಟಿಗಳನ್ನು ತುಂಬಿಟ್ಟುಕೊಳ್ಳುವುದು ಗೃಹಕೃತ್ಯದ ಒಂದು ಅಂಗವೇ ಆಗಿದೆ. ಹಾಗೆ ನಿಂತ ತಿಳಿನೀರೇ ಈಡಿಸ್ ಸೊಳ್ಳೆಯ ತವರಾದುದರಿಂದ, 2006ರಲ್ಲಿ ಚಿಕೂನ್‌ಗುನ್ಯಾ ಜ್ವರವು ಕರ್ನಾಟಕವನ್ನು ವ್ಯಾಪಿಸಿದಾಗ ಚಿತ್ರದುರ್ಗದ ಸೀಮೆಯೂ ಅದರ ಹಾವಳಿಯಿಂದ ಪಾರಾಗಲಿಲ್ಲ. ಆ ವರ್ಷ ದೇಶದಲ್ಲಿ ಶಂಕಿತ ರೋಗಿಗಳೆಂದು ಎಣಿಸಲ್ಪಟ್ಟವರು ಸುಮಾರು 13 ಲಕ್ಷ 90 ಸಾವಿರ ಮಂದಿ. ಅವರಲ್ಲಿ 7 ಲಕ್ಷ 62 ಸಾವಿರ ಮಂದಿ ನಮ್ಮ ರಾಜ್ಯದವರೇ. ಜ್ವರವನ್ನು ಎಣಿಸುವುದರಲ್ಲಿ ತೋರಿದ ಈ ಶ್ರದ್ಧೆಯನ್ನು, ಜ್ವರವಿಳಿದ ತರುವಾಯ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಕೀಲುಗಳಲ್ಲಿ ಬೇರೂರಿ ಕುಳಿತ ವೇದನೆಯ ವಿಷಯದಲ್ಲಿ ನಾವು ತೋರಲಿಲ್ಲ.

ಅದಕ್ಕೆ ಕಾರಣವು ವರದಿಯ ನಮೂನೆಯಲ್ಲಿಯೇ ಇದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ ತುಂಬುವ ಪತ್ರವೊಂದು, ವೈದ್ಯಾಧಿಕಾರಿಯದೊಂದು, ಪ್ರಯೋಗಶಾಲೆಯದೊಂದು. ಹೊಸ ರೋಗಿಗಳ ಸಂಖ್ಯೆ ಮೇಲಕ್ಕೆ ಹೋಗುತ್ತದೆ. ಸಾಂಕ್ರಾಮಿಕವು ಎಲ್ಲಿ ತಲೆಯೆತ್ತಿತೆಂದು ಅರಿಯಲು ಇದು ಅತ್ಯಾವಶ್ಯಕ. ಆದರೆ ಆ ಪಟ್ಟಿಯಲ್ಲಿ ರೋಗಿಯು ಒಂದು ಸಲ ಮಾತ್ರ ಕಾಣಿಸಿಕೊಂಡು ಮರೆಯಾಗುತ್ತಾನೆ. ಅದೇ ಮನುಷ್ಯನ ಬಾಗಿಲಿಗೆ ಎರಡನೆಯ ಸಲ, ಮೂರನೆಯ ಸಲ ಹೋಗಿ ಅದೇ ಪ್ರಶ್ನೆಯನ್ನು ಕೇಳಿದ ಹೊರತು ಸೋಂಕಿನ ನಂತರದ ದೀರ್ಘವ್ಯಾಧಿಯು ದಾಖಲೆಗೆ ಸಿಕ್ಕುವುದಿಲ್ಲ; ಇಂಥ ವ್ಯಾಧಿಯನ್ನು ಎಣಿಸುವ ಶಾಸ್ತ್ರದ ಬೆಳವಣಿಗೆಯೆಲ್ಲವೂ ಆ ಮರುಭೇಟಿಯ ಇತಿಹಾಸವೆಂದೇ ನಾನು ತಿಳಿದಿದ್ದೇನೆ.

ಈ ಪದ್ಧತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭಮಾಡಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ನಮ್ಮ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಕ್ಷಕಿರಣ ಯಂತ್ರವನ್ನು ಕೊಂಡೊಯ್ದು ಸಮೀಕ್ಷೆ ನಡೆಸಿತಷ್ಟೆ. ಅದರ ಬೆನ್ನಿಗೇ ದೇಬಾಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು, ಯಂತ್ರವು ಕಂಡುದನ್ನು ರೋಗಿಯೂ ಬಲ್ಲನೇ ಎಂದು ಅವನನ್ನೇ ಕೇಳಿಸಿದರು. ಹಳ್ಳಿಗರು ರೋಗದ ಅರಿವಿಲ್ಲದವರೆಂಬ ಭಾವನೆ ಆಗ ಪ್ರಬಲವಾಗಿತ್ತು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನವು ಅದನ್ನು ಬುಡಮೇಲು ಮಾಡಿತು: ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು, ಹೋದವರಲ್ಲಿ ಬಹಳ ಜನ ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗಿದ್ದರು. ಇದಲ್ಲದೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಅದೇ ಜನರನ್ನು ನಾಲ್ಕು ಸುತ್ತು ಪರೀಕ್ಷಿಸಲಾಯಿತು. ಮರುಭೇಟಿಯ ಮಹತ್ವಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ನಾನು ಕಾಣೆ.

ಆಸ್ಟ್ರೇಲಿಯಾದ ಡಬ್ಬೊ ಎಂಬ ಗ್ರಾಮಾಂತರ ಪಟ್ಟಣದಲ್ಲಿ ಮೂರು ಬಗೆಯ ಸೋಂಕಿಗೆ ತುತ್ತಾದ 253 ಜನರನ್ನು ಜ್ವರದ ದಿನದಿಂದಲೇ ಹಿಂಬಾಲಿಸಿದ ಅಧ್ಯಯನವು 2006ರಲ್ಲಿಯೇ ಪ್ರಕಟವಾಯಿತು. ಆ ಮೂರರಲ್ಲಿ ಒಂದಾದ ರಾಸ್ ರಿವರ್ ವೈರಾಣುವು ಚಿಕೂನ್‌ಗುನ್ಯಾದ ದಾಯಾದಿಯೇ ಸರಿ. ಆರು ತಿಂಗಳಾದರೂ ಶೇಕಡಾ 12 ಮಂದಿ ನಿತ್ರಾಣ, ಮೈಕೈನೋವು, ಗ್ರಹಣಶಕ್ತಿಯ ತೊಡಕುಗಳಿಂದ ಬಳಲುತ್ತಿದ್ದರು; ಯಾರು ಹಾಗೆ ಬಳಲುವರೆಂಬುದನ್ನು ಸೂಚಿಸಿದ್ದು ಅವರ ಮನೋಧರ್ಮವಲ್ಲ, ಮೊದಲ ಜ್ವರದ ತೀವ್ರತೆ. “ಎಲ್ಲವೂ ಮನಸ್ಸಿನ ಭ್ರಮೆ” ಎಂಬ ಮಾತನ್ನು ಕೇಳಿ ಕೇಳಿ ಕುಗ್ಗಿದವರಿಗೆ ಈ ಒಂದು ವಾಕ್ಯವು ಎಷ್ಟು ದೊಡ್ಡ ಆಸರೆಯೆಂಬುದನ್ನು ಆರೋಗ್ಯವಂತರು ಸುಲಭವಾಗಿ ಊಹಿಸಲಾರರು. ರಿಯೂನಿಯನ್ ದ್ವೀಪದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆಹೋಗಿ, ಚಿಕೂನ್‌ಗುನ್ಯಾ ಸೋಂಕು ತಗಲದವರನ್ನೂ ಅದೇ ಪ್ರಶ್ನೆಗಳಿಂದ ವಿಚಾರಿಸಿದರು. ಮಂಡಿನೋವಿಲ್ಲದ ಊರುಂಟೆ? ಸುಮಾರು ಎರಡು ವರ್ಷಗಳ ತರುವಾಯ ಸೋಂಕು ತಗಲಿದವರಲ್ಲಿ ಶೇಕಡಾ 43, ತಗಲದವರಲ್ಲಿ ಶೇಕಡಾ 17 ಮಂದಿ ಮೈಕೈ ಕೀಲುಗಳ ನೋವನ್ನು ಹೇಳಿಕೊಂಡರು. ಈ ಎರಡು ಸಂಖ್ಯೆಗಳ ಅಂತರವೇ ರೋಗದ ನಿಜವಾದ ಪಾಲು.

ಕೋವಿಡ್ ಬಂದಮೇಲೆ ರೋಗಿಗಳೇ ಲೇಖನಿ ಹಿಡಿದರು. 2020ರ ಮೇ ತಿಂಗಳಲ್ಲಿ ‘ಲಾಂಗ್ ಕೋವಿಡ್’ ಎಂಬ ಹೆಸರನ್ನು ಕೊಟ್ಟವರು ಸ್ವತಃ ರೋಗಪೀಡಿತರಾಗಿದ್ದ ಪುರಾತತ್ತ್ವಜ್ಞೆ ಎಲಿಸಾ ಪೆರೆಗೊ. ಮರುವರ್ಷ ರೋಗಿಗಳೇ ರಚಿಸಿದ ಪ್ರಶ್ನಾವಳಿಗೆ 56 ದೇಶಗಳ 3,762 ಮಂದಿ ಉತ್ತರಿಸಿದ ಫಲಿತಾಂಶವು ಬೆಳಕು ಕಂಡಿತು. ಆ ವ್ಯಾಧಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲಕ್ಷಣನಿರೂಪಣೆ ಬಂದುದು ಅದೇ ವರ್ಷದ ಅಕ್ಟೋಬರಿನಲ್ಲಿ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಮಂದಿಯನ್ನು ಒಂದು ವರ್ಷ ದೂರವಾಣಿಯಲ್ಲಿ ವಿಚಾರಿಸುತ್ತ ಬಂದಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಮನೆಯ ಪಡಸಾಲೆಯಲ್ಲಿ ಮಲಗಿ ಎದ್ದವರು ಆ ಲೆಕ್ಕಕ್ಕೆ ಸೇರಲಿಲ್ಲ, ಭರಮಸಾಗರದ ಹೋಬಳಿಯಲ್ಲಿ ಅಂಥವರೇ ಹೆಚ್ಚು.

ಮರುಭೇಟಿಗೆ ಹೆಸರು ಬೇಕು, ವಿಳಾಸ ಬೇಕು. ಆದಕಾರಣ ನಂಬಿಕೆಯೂ ಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಮಾನವಾಯಿತು, 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾನೂನೂ ಬಂದಿತು. ಆದರೂ ಪುಸ್ತಕ ಹಿಡಿದು ಬರುವ ಆಶಾ ಕಾರ್ಯಕರ್ತೆಯು ಅದೇ ಓಣಿಯ ಸೊಸೆಯಾಗಿರುವಲ್ಲಿ, ಬರೆದುದು ಯಾರ ಕಿವಿಗೆ ಬೀಳುವುದೆಂಬ ಅಳುಕು ಕಾನೂನಿನಿಂದ ಮಾತ್ರ ಹೋಗುವಂಥದಲ್ಲ.

ಕೇಳುವ ಬಗೆಯೂ ನಮ್ಮದೇ ಆಗಬೇಕು. ಭರಮಸಾಗರದ ಒಂದು ಜಗಲಿಯ ಮೇಲೆ ಕುಳಿತು ವೃದ್ಧೆಯೊಬ್ಬರನ್ನು, ನೋವು ಹತ್ತರಲ್ಲಿ ಎಷ್ಟು ಅಜ್ಜಿ ಎಂದು ಕೇಳಿದೆ. ಸುಮ್ಮನೆ ನನ್ನ ಮುಖ ನೋಡಿದರು. ಯಾವಾಗಿನಿಂದ ಎಂದೆ, “ಮೊಮ್ಮಗನ್ನ ತೊಟ್ಲಿಗೆ ಹಾಕಿದ ವರ್ಷ ಜ್ವರ ಬಂತಪ್ಪ. ಜ್ವರ ಬಿಡ್ತು, ಇದು ಬಿಡ್ಲಿಲ್ಲ” ಎಂದರು. ರೊಟ್ಟಿ ತಟ್ಟುವಿರಾ ಎಂದು ಕೇಳಿದೊಡನೆ ಬಲಗೈಯನ್ನು ಚಾಚಿ, ಅರ್ಧಕ್ಕೇ ನಿಂತ ಎರಡು ಬೆರಳುಗಳನ್ನು ಮಡಚಿ ತೋರಿಸುತ್ತ ಹೇಳಿದರು: “ಹೊತ್ತಾರೆ ಹಿಟ್ಟು ನಾದಾಕೆ ಬರಲ್ಲ. ಬಿಸ್ನೀರಾಗೆ ಕೈ ಅದ್ದಿ ಕುಂತ ಮ್ಯಾಲೆ ನಾಕು ರೊಟ್ಟಿ ತಟ್ತೀನಿ. ಐದ್ನೇದು ಸೊಸೆ ತಟ್ಬೇಕು.”